ಹೆಪ್ಪಿನಲ್ಲಿ ಉಳಿದ ಪುಟ

ಹಿರೇಬಾವಿ ಊರಿನ ಇಂಟರ್ನೆಟ್ಟು ಮೊಸರಿನ ಗಡಿಗೆಗಳಲ್ಲಿತ್ತು. ಹೊರಗಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಿದ್ದರು, ಆಮೇಲೆ ಮುಖ ಸಿಂಡರಿಸುತ್ತಿದ್ದರು. ನೀಲಾಂಬಿಕಾಳಿಗೆ ಎರಡೂ ರೂಢಿಯಾಗಿದ್ದವು. ಊರಿನ ಗ್ರಂಥಾಲಯದಲ್ಲಿ ಡಿಜಿಟಲ್ ಸಂಗ್ರಹದ ಮುಖ್ಯಸ್ಥೆ ಅವಳು. ಹನ್ನೊಂದು ವರ್ಷದಿಂದ ಅದೇ ಕೆಲಸ, ಬಂದವರಿಗೆಲ್ಲ ಅದೇ ವಿವರಣೆ.

ವಿವರಣೆ ಕಷ್ಟದ್ದೇನಲ್ಲ. ಜಾಲತಾಣಗಳು ಸಾಯುತ್ತವೆ. ಪುರಸಭೆ ತನ್ನ ತಾಣವನ್ನು ಹೊಸದಾಗಿ ಮಾಡಿಸಿದ ದಿನ ಹಳೆಯ ಪ್ರಕಟಣೆಗಳೆಲ್ಲ ಮಾಯ. ಸುದ್ದಿತಾಣ ನಡೆಸುವವನಿಗೆ ಬೇಸರ ಬಂದರೆ ಊರಿನ ಹತ್ತು ವರ್ಷದ ಸುದ್ದಿಯೂ ಅವನ ಜೊತೆಗೇ ಮಣ್ಣು ಪಾಲು. ಅದಕ್ಕೇ ಗ್ರಂಥಾಲಯದ ಯಂತ್ರವೊಂದು ದಿನವೂ ಊರಿನ ಜಾಲಪುಟಗಳನ್ನು ಸುತ್ತಿ, ಇದ್ದದ್ದನ್ನು ಇದ್ದ ಹಾಗೆ ನಕಲು ತೆಗೆಯುತ್ತಿತ್ತು. ತೆಗೆದದ್ದನ್ನು ಎಲ್ಲಿ ಇಡುವುದು ಅನ್ನುವುದೇ ತಲೆನೋವು. ಡಿಸ್ಕುಗಳು ಕೆಲವು ವರ್ಷಕ್ಕೆ ಕೆಡುತ್ತವೆ. ಸರ್ವರ್ ಕೋಣೆಯನ್ನು ತಣ್ಣಗಿಡಲು ಬೇಕಾದ ಕರೆಂಟು, ನೀರು ಕೊಡಲು ಯಾವ ಇಲಾಖೆಯೂ ಮುಂದೆ ಬರಲಿಲ್ಲ.

ಆಗ ಹೊಳೆದದ್ದು ಹೆಪ್ಪು. ಜೀವಕೋಶದ ಡಿಎನ್‌ಎಯಲ್ಲಿರುವುದು ನಾಲ್ಕೇ ಅಕ್ಷರ. ಆ ನಾಲ್ಕರಲ್ಲಿ ಏನನ್ನು ಬೇಕಾದರೂ ಬರೆದಿಡಬಹುದು. ಮೊಸರು ಮಾಡುವ ಸೂಕ್ಷ್ಮಜೀವಿಯ ಒಳಗೆ ಜಾಲಪುಟಗಳನ್ನು ಬರೆದು, ಹಾಲನ್ನು ಹುಳಿ ಮಾಡುವ ಗುಣವನ್ನು ಆ ಬರಹಕ್ಕೇ ಗಂಟು ಹಾಕಿದರು. ಬರಹ ಉದುರಿಹೋದರೆ ಹಾಲು ಹೆಪ್ಪಾಗುವುದಿಲ್ಲ. ಮೊಸರು ಗಟ್ಟಿಯಾಗಿದ್ದರೆ ಪುಟ ಒಳಗಿದೆ ಎಂದೇ ಅರ್ಥ. ಸಂಜೆ ಉಗುರುಬೆಚ್ಚನೆಯ ಹಾಲಿಗೆ ಒಂದು ಚಮಚ ಹಾಕಿದರೆ ಬೆಳಗಾಗುವುದರೊಳಗೆ ಕೋಟಿಗಟ್ಟಲೆ ಪ್ರತಿ ಸಿದ್ಧ. ಕರೆಂಟು ಬೇಡ, ಏಸಿ ಬೇಡ. ಗಡಿಗೆ ಇಟ್ಟುಕೊಂಡ ಮನೆಗೆ ದಿನಕ್ಕೆ ಅರ್ಧ ಲೀಟರ್ ಹಾಲು ಪುಕ್ಕಟೆ ಎಂದಾಗ ಹಿರೇಬಾವಿಯ ಜನರಿಗೆ ಇತಿಹಾಸದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಒಂದೇ ತೊಡಕು. ನಕಲಿನ ಮೇಲೆ ನಕಲು ಆಗುತ್ತ ಹೋದಂತೆ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಅಲ್ಲಿಂದ ಮುಂದಿನದೆಲ್ಲ ಓದಲಾಗದ ಕಸ. ಎಲ್ಲ ಮನೆಗಳಲ್ಲೂ ಇರುವುದು ಅವೇ ಪುಟಗಳು, ಆದರೆ ಒಂದು ಮನೆಯ ತಪ್ಪು ಇನ್ನೊಂದು ಮನೆಯಲ್ಲಿ ಇರುವುದಿಲ್ಲವಾದ್ದರಿಂದ, ಎಲ್ಲ ಗಡಿಗೆಗಳನ್ನೂ ಹೋಲಿಸಿ, ಹೆಚ್ಚು ಮನೆಗಳಲ್ಲಿ ಇರುವುದೇ ಸರಿ ಎಂದು ಯಂತ್ರ ತೀರ್ಮಾನಿಸುತ್ತಿತ್ತು. ತಪ್ಪುಗಳು ಒಂದೇ ಕಡೆ ಗುಂಪುಗೂಡಬಾರದೆಂದು ತಿಂಗಳಿಗೊಮ್ಮೆ ಹೆಪ್ಪು ಬದಲು. ಯಾರ ಮನೆಯ ಬಾಟಲಿ ಯಾರ ಮನೆಗೆ ಹೋಗಬೇಕೆಂದು ಯಂತ್ರವೇ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ಬಾಟಲಿ ಬಂದ ಮೇಲೆ ಫೋನಿನಲ್ಲಿ ‘ಹೌದು, ಹಾಕಿದೆವು’ ಎಂದು ಒತ್ತಬೇಕು. ಎಲ್ಲರೂ ತಪ್ಪದೆ ಒತ್ತುತ್ತಿದ್ದರು. ಪಕ್ಕದ ಜಿಲ್ಲೆಯಲ್ಲೂ ಒಂದು ಪ್ರತಿ ಇರಬೇಕಿತ್ತು, ಆದರೆ ಇಲಾಖೆ ಅದನ್ನು ‘ಎರಡನೇ ಹಂತ’ಕ್ಕೆ ಸರಿಸಿ ಮರೆತೇ ಬಿಟ್ಟಿತ್ತು.

ದುರ್ಗವ್ವ ಗ್ರಂಥಾಲಯಕ್ಕೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಸರಕಾರಿ ದವಾಖಾನೆಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತಳಾದವಳು; ಊರಿನ ಅರ್ಧಕ್ಕರ್ಧ ಮಕ್ಕಳನ್ನು ಮೊದಲು ಮುಟ್ಟಿದ ಕೈ ಅವಳದು. ಇರುವುದು ಕೆಳಗಿನ ಓಣಿಯಲ್ಲಿ. ಊರವರು ಎದುರಿಗೆ ‘ಸಿಸ್ಟರ್’ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರು ಅನ್ನುವುದು ಅವಳಿಗೂ ಗೊತ್ತಿತ್ತು.

“ಬಾಯಾರ, ಒಂದು ಪುಟ ಬೇಕಾಗೇತಿ,” ಅಂದಳು. “ಹಳೇ ಹತ್ತಿ ಗಿರಣಿ ಜಾಗಾ ಐತೆಲ್ಲ, ಅದರಾಗ ನಮ್ಮ ಓಣಿಯವರಿಗೆ ಮನಿ ಕೊಡ್ತೀವಂತ ಪುರಸಭಾದವರು ತಮ್ಮ ವೆಬ್‌ಸೈಟಿನಾಗ ನೋಟಿಸ್ ಹಾಕಿದ್ರು. ಈಗ ಅಲ್ಲಿ ಕಾಂಪ್ಲೆಕ್ಸ್ ಕಟ್ಟಾಕ ಹೊಂಟಾರ. ಕೇಳಿದ್ರ, ಅಂಥಾ ನೋಟಿಸ್ ನಾವು ಹಾಕೇ ಇಲ್ಲ ಅಂತಾರ. ಮುಂದಿನ ತಿಂಗಳ ಕೋರ್ಟಿನಾಗ ತಾರೀಖು ಐತ್ರಿ. ನಿಮ್ಮ ಸಹಿ ಶಿಕ್ಕಾ ಇರೂ ಪ್ರತಿ ಕೊಟ್ರ ಸಾಕು.”

“ಅದಕ್ಕಂತನ ನಾವಿರೋದು ಸಿಸ್ಟರ್, ಕೂಡ್ರಿ,” ಎಂದು ನೀಲಾಂಬಿಕಾ ಹೆಮ್ಮೆಯಿಂದಲೇ ಪುಟ ತೆರೆದಳು.

ಪರದೆಯ ಮೇಲೆ ಪುರಸಭೆಯ ಲಾಂಛನ ಬಂತು, ತಲೆಬರಹದ ಅರ್ಧ ಬಂತು. ಕೆಳಗೆ ಬರೀ ಕಸ. ಚೌಕಗಳು, ಗೀಟುಗಳು, ಯಾವ ಭಾಷೆಯದೂ ಅಲ್ಲದ ಅಕ್ಷರಗಳು. ಮೂಲೆಯಲ್ಲಿ ಯಂತ್ರ ತಾನೇ ಹಾಕಿದ ಹಸಿರು ಗುರುತು ಮಾತ್ರ ನಿಚ್ಚಳವಾಗಿತ್ತು. ಊರಿನ ಬಹುಪಾಲು ಮನೆಗಳು ಒಪ್ಪಿದ ಪ್ರತಿ, ಇದೇ ಸರಿ.

ದುರ್ಗವ್ವ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದಳು. ಕಸವನ್ನೇ ನೋಡುತ್ತ ಕುಳಿತಳು.

ಗ್ರಂಥಾಲಯದ ಹಿಂಬದಿಯಲ್ಲಿ ಮೊದಲು ಹಳೆಯ ಪತ್ರಿಕೆಗಳ ಕಟ್ಟು ತುಂಬುತ್ತಿದ್ದ ಕೋಣೆಯೇ ಈಗ ಪ್ರಯೋಗಾಲಯ. ಒಳಗೆ ಕಾಲಿಟ್ಟರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಲ್ಲಿ ಹೆಪ್ಪು ಓದುವ ಯಂತ್ರದ ಮುಂದೆ ಕೂರುವವಳು ಫರ್ಜಾನಾ, ಜೀವವಿಜ್ಞಾನ ಓದಿದ ಹುಡುಗಿ, ಮಾತು ಕಡಿಮೆ. ಎರಡು ದಿನ ಊರಿನ ಎಲ್ಲ ಓಣಿಗಳ ಮಾದರಿ ತರಿಸಿ ಓದಿ, ಮೂರನೆಯ ದಿನ ನೀಲಾಂಬಿಕಾಳನ್ನು ಕರೆದಳು.

“ಮೇಡಂ, ತಪ್ಪು ಆಗೂದು ಸಹಜ. ಆದ್ರ ನೂರಾರು ಮನಿಯವರು ಒಂದ ಅಕ್ಷರದಾಗ ಎಡವಂಗಿಲ್ಲ. ಮ್ಯಾಲಿನ ಓಣಿ, ಬಜಾರ ಓಣಿ, ಗುಡಿ ಓಣಿ, ಎಲ್ಲಾ ಗಡಿಗ್ಯಾಗೂ ತಪ್ಪು ಅದ ಜಾಗಾದಾಗ ಐತಿ. ಇವೆಲ್ಲಾ ಒಂದ ತಾಯಿ ಮಕ್ಕಳು.”

“ಹೆಪ್ಪು ಬದಲು ಆಗಿದ್ರ ಹಂಗ ಆಗಬಾರದಿತ್ತು.”

“ಆಗೇ ಇಲ್ಲ. ಆಗೇತಿ ಅಂತ ಎಲ್ಲಾರೂ ಒತ್ತ್ಯಾರ, ಅಷ್ಟ.” ಫರ್ಜಾನಾ ಪರದೆಯ ಮೇಲೆ ಬೆರಳಿಟ್ಟಳು. “ಆ ತಾಯಿ ಗಡಿಗಿ ಯಾರ ಮನೀದು ಅಂತನೂ ಸಿಕ್ತು. ನಿಮ್ಮ ಮನೀದು ಮೇಡಂ.”

ನೀಲಾಂಬಿಕಾ ಮನೆಗೆ ಹೋದಾಗ ಅತ್ತೆ ಬಸಲಿಂಗವ್ವ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಬಸಲಿಂಗವ್ವನ ಮೊಸರು ಎಂದರೆ ಮೇಲಿನ ಓಣಿಯಲ್ಲೆಲ್ಲ ಹೆಸರುವಾಸಿ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಸೊಸೆ ಕೇಳಿದ್ದಕ್ಕೆ ಅವಳು ತಡವರಿಸಲೂ ಇಲ್ಲ, ಮುಚ್ಚಿಡಲೂ ಇಲ್ಲ.

“ಬಾಟ್ಲಿ ಬರ್ತಿತ್ತು. ಫೋನಿಗೆ ತೋರಸ್ತಿದ್ದೆ, ಹೌದು ಅಂತ ಒತ್ತತಿದ್ದೆ. ಬಚ್ಚಲಕ್ಕ ಹಾಕ್ತಿದ್ದೆ.”

“ಎಲ್ಲಾ ಬಾಟ್ಲಿನೂ?”

“ಎಲ್ಲಾ ಯಾಕ ಹಾಕ್ಲೆವಾ? ಕೆಳಗಿನ ಓಣಿಯಿಂದ ಬಂದದ್ದಷ್ಟ. ಗೊತ್ತಾಗಲಿಲ್ಲಂದ್ರ ಅದನ್ನೂ ಹಾಕ್ತಿದ್ದೆ. ಯಾರ ಮನೀದು ಅಂತ ಹೆಂಗ ಹೇಳೂದು, ಬಾಟ್ಲಿಗೇನು ಹೆಸರು ಬರದಿರತೈತೇನು?”

“ಓಣಿಯಾಗ ಎಲ್ಲಾರೂ ಹಂಗ ಮಾಡ್ತಾರೇನು?”

“ಮತ್ತೇನು ಮಾಡ್ತಾರ? ಬಚ್ಚಲಕ್ಕ ಹಾಕಿ ನನ್ನ ಹತ್ರ ಬರ್ತಾರ. ಅತ್ತಿ ಒಂದು ಚಮಚಾ ಹೆಪ್ಪು ಕೊಡ್ರಿ ಅಂತಾರ. ಇಲ್ಲ ಅನ್ನಾಕ ಆಗತೈತೇನು? ಬಜಾರ ಓಣಿಯಿಂದ ಸುದ್ದಾ ಬರ್ತಾರ.” ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತಿತ್ತು.

“ಅತ್ತೀ, ನನ್ನ ಹೊಟ್ಟ್ಯಾಗ ನಿಮ್ಮ ಮೊಮ್ಮಗಳು ಅಡ್ಡ ತಿರುಗಿದ್ದಾಗ ಉಳಿಸಿಕೊಟ್ಟಾಕಿ ದುರ್ಗವ್ವ ಸಿಸ್ಟರ್. ಆವತ್ತು ಆಕಿ ಕೈ ಹಿಡಕೊಂಡು ಅತ್ತಿದ್ರಿ ನೀವು.”

“ಅಳಲಿಲ್ಲ ಅಂದ್ನೇನು ನಾ? ಅದು ದವಾಖಾನಿ, ಇದು ಅಡಗಿ ಮನಿ.” ಬಸಲಿಂಗವ್ವ ಸುಣ್ಣದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಆಕಿ ಚಲೋ ಹೆಣಮಗಳು. ಆದ್ರ ಹೊಟ್ಟಿ ಒಪ್ಪಬೇಕಲ್ಲ.”

ನೀಲಾಂಬಿಕಾಳಿಗೆ ಹೇಸಿಗೆಯಾಯಿತು. ಮುದುಕಿ ಒಂದಿಷ್ಟು ನಾಚಿದ್ದರೆ, ಒಂದು ಸುಳ್ಳಾದರೂ ಹೇಳಿದ್ದರೆ ಇಷ್ಟು ಹೇಸುತ್ತಿರಲಿಲ್ಲವೇನೋ. ಊರಿನ ಹೆಂಗಸರೆಲ್ಲ ಸೇರಿ ಹನ್ನೊಂದು ವರ್ಷ ಒಂದು ಇಡೀ ಓಣಿಯನ್ನು ಬಚ್ಚಲಿಗೆ ಸುರಿದಿದ್ದರು, ಪುಕ್ಕಟೆ ಹಾಲು ಕುಡಿದಿದ್ದರು, ‘ಹೌದು’ ಎಂದು ಒತ್ತಿದ್ದರು. ಅವಳು ಪ್ರತಿ ತಿಂಗಳೂ ಆ ಹೌದುಗಳನ್ನು ಕೂಡಿಸಿ, ನೂರಕ್ಕೆ ನೂರು ಭಾಗ ಯಶಸ್ವಿ ಎಂದು ಮೇಲಿನವರಿಗೆ ವರದಿ ಕಳಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು.

ಅದಕ್ಕಿಂತ ಅಸಹ್ಯವಾದದ್ದು ಮಾರನೆಯ ದಿನ ಕೆಳಗಿನ ಓಣಿಗೆ ಹೋದಾಗ ತಿಳಿಯಿತು. ಹೋದ ತಿಂಗಳು ಬಸಲಿಂಗವ್ವನ ಗಡಿಗೆಯಲ್ಲಿ ಬಿದ್ದ ಒಂದು ತಪ್ಪು ಮೇಲಿನ ಓಣಿಗಳಿಗೆಲ್ಲ ಹರಡಿ, ಮುಂದಿನ ಹೆಪ್ಪು ಬದಲಿಗೆ ಮೊದಲೇ ಅದೇ ಬಹುಮತವಾಯಿತು. ಸರಿಯಾದ ಪ್ರತಿ ಇದ್ದದ್ದು ಕೆಳಗಿನ ಓಣಿಯಲ್ಲಿ. ಯಂತ್ರ ಅವನ್ನೇ ತಪ್ಪು ಎಂದು ಗುರುತಿಸಿ, ತಿದ್ದಿದ ಹೆಪ್ಪಿನ ಬಾಟಲಿಗಳನ್ನು ಮನೆ ಮನೆಗೆ ಕಳಿಸಿತು. ಜೊತೆಗೆ ಫೋನಿಗೊಂದು ಸಂದೇಶ. ‘ನಿಮ್ಮ ಪ್ರತಿ ಅಶುದ್ಧವಾಗಿದೆ, ದಯವಿಟ್ಟು ಚೆಲ್ಲಿ ಇದನ್ನು ಹಾಕಿ.’ ಕೆಳಗೆ ಯಂತ್ರವೇ ಹಾಕಿದ ನೀಲಾಂಬಿಕಾಳ ಹೆಸರು. ಓಣಿಯವರು ಚಾಚೂತಪ್ಪದೆ ಪಾಲಿಸಿದ್ದರು. ಒಳ್ಳೆಯದನ್ನು ಚೆಲ್ಲಿ ಕೆಟ್ಟದ್ದನ್ನು ಹಾಕಿಕೊಂಡಿದ್ದರು.

“ಹಂಗಾರ ಎಲ್ಲೂ ಉಳದಿಲ್ಲೇನು ಸಿಸ್ಟರ್?” ಎಂದು ಕೇಳಿದಳು ನೀಲಾಂಬಿಕಾ.

“ನನ್ನ ಗಡಿಗ್ಯಾಗ ಐತಿ,” ಅಂದಳು ದುರ್ಗವ್ವ. “ನೀವು ಕಳಿಸಿದ ಬಾಟ್ಲಿ ಮುಚ್ಚಳ ತಗದೆ, ಒಳಗ ನೊಣ ಇತ್ರಿ. ದವಾಖಾನ್ಯಾಗ ದುಡದಾಕಿ ನಾನು, ನೊಣ ಬಿದ್ದದ್ದು ಹೆಂಗ ಉಣ್ಣಲಿ? ಮೋರಿಗೆ ಒಗದೆ. ಹಳೇದನ್ನ ಇಟಗೊಂಡೆ. ಚೆಲ್ಲೀವಿ ಅಂತ ಮಾತ್ರ ಒತ್ತಲಿಲ್ಲ.”

ಹೇಳಿದ್ದನ್ನು ಮಾಡದಿದ್ದರೂ ಸುಳ್ಳು ಒತ್ತದ ಫೋನು ಹಿರೇಬಾವಿಯಲ್ಲಿ ಅದೊಂದೇ ಇರಬೇಕು.

ಅವಳ ಗಡಿಗೆಯ ಒಂದು ಚಮಚ ಮೊಸರು ಫರ್ಜಾನಾಳ ಯಂತ್ರಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಪುಟ ತೆರೆಯಿತು. ಹತ್ತಿ ಗಿರಣಿಯ ಜಾಗ, ಕೆಳಗಿನ ಓಣಿಯ ಕುಟುಂಬಗಳು, ಠರಾವಿನ ದಿನಾಂಕ, ಮುಖ್ಯಾಧಿಕಾರಿಯ ಸಹಿ, ಎಲ್ಲ ಇತ್ತು. ಒಂದು ಅಕ್ಷರ ಕೆಟ್ಟಿರಲಿಲ್ಲ. ಫರ್ಜಾನಾ ಮೊದಲ ಸಲ ನಕ್ಕಳು. ನೀಲಾಂಬಿಕಾ ಪುಟವನ್ನು ಕೆಳಗೆ ಸರಿಸಿದಳು. ಅಲ್ಲಿ ಆಗಿನ ಊರವರ ಕಾಮೆಂಟುಗಳಿದ್ದವು.

ಅಂಥ ಮಾತುಗಳನ್ನು ಅವಳು ಕೇಳದವಳೇನಲ್ಲ. ಆದರೆ ಒಂದರ ಕೆಳಗೊಂದು, ಹೆಸರು ಫೋಟೋ ಸಮೇತ, ನಗುವ ಮುಖಗಳ ಜೊತೆ ಸಾಲಾಗಿ ಕಂಡಾಗ ಮೈಮೇಲೆ ಏನೋ ಹರಿದ ಹಾಗಾಯಿತು. ಹೈಸ್ಕೂಲಿನ ಹೆಡ್‌ಮಾಸ್ತರರು ಬರೆದಿದ್ದರು. ಔಷಧದ ಅಂಗಡಿಯವರು ಬರೆದಿದ್ದರು. ಮದುವೆಯಲ್ಲಿ ಅವಳಿಗೆ ಉಡಿ ತುಂಬಿದ ಹೆಂಗಸೊಬ್ಬಳು ಇಲ್ಲಿ ಹೇಳಲಾಗದ ಮಾತು ಬರೆದಿದ್ದಳು. ಮಧ್ಯದಲ್ಲಿ ಅವಳ ಗಂಡ ಮಹಾಂತೇಶನ ಹಳೆಯ ಫೋಟೋ, ಸಣ್ಣ ಮೀಸೆ. ‘ಅವರು ಅಲ್ಲಿಗೆ ಬಂದರೆ ನಾವು ಮೂಗು ಮುಚ್ಚಿಕೊಂಡು ಬಜಾರಿಗೆ ಹೋಗಬೇಕಾಗುತ್ತದೆ.’ ಅದನ್ನು ಮೆಚ್ಚಿದವರು ಬಹಳ ಜನ.

ದುರ್ಗವ್ವ ಪಕ್ಕದಲ್ಲೇ ಕುಳಿತಿದ್ದಳು. ನೀಲಾಂಬಿಕಾ ಪರದೆಗೆ ಕೈ ಅಡ್ಡ ಹಿಡಿಯಲು ಹೋದಳು.

“ಬಿಡ್ರಿ, ಓದೀನಿ,” ಅಂದಳು ದುರ್ಗವ್ವ. “ಹೆಪ್ಪು ಕೊಟ್ಟ ಮೊದಲನೇ ತಿಂಗಳ ಬಂದು, ನನ್ನ ಗಡಿಗ್ಯಾಗ ಏನೈತಿ ತೋರಸ್ರಿ ಅಂತ ನಿಮ್ಮನ್ನ ಕೇಳಿದ್ದೆ. ನಿಮಗ ನೆನಪಿಲ್ಲ.”

ಯಾವ ಮನೆಯವರು ಬೇಕಾದರೂ ಬಂದು ತಮ್ಮ ಗಡಿಗೆಯ ಪುಟ ನೋಡಬಹುದಿತ್ತು. ಬಂದು ಕೇಳಿದವರೇ ಅಪರೂಪ. ಬಂದವರ ಮುಖ ನೀಲಾಂಬಿಕಾಳಿಗೆ ನಿಜವಾಗಿಯೂ ನೆನಪಿರಲಿಲ್ಲ.

“ಓದಿದ ಮ್ಯಾಲೂ ಮನಿಗೆ ಒಯ್ದ್ರೇನು?”

“ನೋಟಿಸೂ ಅದರಾಗ ಐತೆಲ್ರಿ. ಕಾಮೆಂಟ್ ಬಿಡಿಸಿ ಕೊಡಾಕ ಬರತೈತೇನು ಅಂತ ಕೇಳಿದೆ. ಇದ್ದದ್ದನ್ನ ಇದ್ದಂಗ ಇಡಬೇಕು ಸಿಸ್ಟರ್, ಅದ ನಮ್ಮ ಧರ್ಮ ಅಂದ್ರಿ ನೀವು. ಖರೇ ಅನಸ್ತು. ಒಯ್ದೆ. ದಿನಾ ಹೆಪ್ಪು ಹಾಕೀನಿ, ಉಂಡೀನಿ, ಮಕ್ಕಳಿಗೂ ನೀಡೀನಿ.”

ಫರ್ಜಾನಾ ಎದ್ದು ಹೋಗಿ ಕೈತೊಳೆಯುವ ನಲ್ಲಿ ಬಿಟ್ಟುಕೊಂಡು ನಿಂತಳು. ಅವಳ ಕೈಯಲ್ಲಿ ತೊಳೆಯುವಂಥದ್ದು ಏನೂ ಇರಲಿಲ್ಲ.

ಒಂದು ಗಡಿಗೆಯ ಸಾಕ್ಷಿ ಕೋರ್ಟಿಗೆ ಸಾಲದು. ಮೂರು ಬೇರೆ ಬೇರೆ ಓಣಿಗಳ ಮೂರು ಮನೆಗಳಲ್ಲಿ, ಮನೆಯವರು ಉಣ್ಣುವ ಗಡಿಗೆಯಲ್ಲೇ ಆ ಪುಟ ಜೀವಂತವಾಗಿರಬೇಕು. ಹೆಪ್ಪು ಕೊಟ್ಟವರು ಹೋಗಿ ಕಣ್ಣಾರೆ ಕಂಡು ಹೌದೆನ್ನಬೇಕು. ಆಗಷ್ಟೇ ಪ್ರತಿಯ ಮೇಲೆ ಗ್ರಂಥಾಲಯದ ಶಿಕ್ಕೆ ಒತ್ತಬಹುದು. ಪ್ರಯೋಗಾಲಯದಲ್ಲೇ ಪುಟ ಬರೆದು ಯಾರೂ ಮೋಸ ಮಾಡಬಾರದೆಂದು ಕಾನೂನು ಬರೆದವರು ಹಾಗೆ ಮಾಡಿದ್ದರು. ಕೆಳಗಿನ ಓಣಿಯಲ್ಲಿ ದುರ್ಗವ್ವನದು ಒಂದಾಯಿತು. “ಪಿಂಜಾರ ಓಣಿಯಾಗ ನಮ್ಮ ಮನಿ ಐತಿ ಮೇಡಂ,” ಎಂದು ಫರ್ಜಾನಾ ಅಂದೇ ಬಾಟಲಿ ಒಯ್ದಳು. ಇನ್ನೊಂದು ಮನೆ ಬೇಕಿತ್ತು. ಅದೂ ಮೇಲಿನ ಓಣಿಗಳಲ್ಲಿ.

ನೀಲಾಂಬಿಕಾ ಬಾಟಲಿ ಹಿಡಿದು ಮನೆ ಮನೆ ತಿರುಗಿದಳು. ಎಲ್ಲರೂ ಕೂರಿಸಿ ಚಹಾ ಕೊಟ್ಟರು. ಒಬ್ಬರಿಗೆ ಸಕ್ಕರೆ ಕಾಯಿಲೆಯಂತೆ, ಮೊಸರಿಗೂ ಅದಕ್ಕೂ ಏನು ಸಂಬಂಧವೋ. ಒಬ್ಬಳು ಮೊಸರನ್ನ ಕಲಸುತ್ತಲೇ “ನಾವು ಮಸರು ಬಿಟ್ಟ ಬಿಟ್ಟೀವ್ರಿ” ಅಂದಳು. ಗ್ರಂಥಾಲಯದ ಪ್ರತಿ ಸಮಾರಂಭದಲ್ಲೂ ಸಮಾನತೆಯ ಬಗ್ಗೆ ಒಂದು ತಾಸು ಮಾತಾಡುವ ನಿವೃತ್ತ ಪ್ರಾಧ್ಯಾಪಕರು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು, ಆಮೇಲೆ ಮೇಜಿನ ಮೇಲಿಟ್ಟು “ನಂದು ಸ್ವಲ್ಪ ಸೂಕ್ಷ್ಮ ಹೊಟ್ಟೆಯಮ್ಮ” ಅಂದರು. ಪುಟದಲ್ಲಿ ಏನಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಕೆಲವರ ಹೊಟ್ಟೆ ಏಕಾಏಕಿ ಉದಾರವಾಯಿತು. ಕಾಮೆಂಟು ತೆಗೆದು ಕೊಟ್ಟರೆ ಎಷ್ಟು ಬೇಕಾದರೂ ಇಟ್ಟುಕೊಳ್ಳುತ್ತೇವೆ ಎಂದರು. ಥೂ ಅನ್ನಿಸಿ ಅವಳು ಅಲ್ಲಿಂದ ಎದ್ದು ಬಂದಳು.

“ಅಷ್ಟ್ಯಾಕ ಉರದಾಡ್ತಿ?” ಎಂದ ಮಹಾಂತೇಶ. ಸಿಮೆಂಟಿನ ವ್ಯಾಪಾರಿ ಅವನು. ಗಿರಣಿ ಜಾಗದ ಕಾಂಪ್ಲೆಕ್ಸಿನಲ್ಲಿ ಮೂಲೆಯ ಮಳಿಗೆ ತನಗೇ ಎಂದು ಮಾತಾಡಿಟ್ಟಿದ್ದ. “ಆಗಿನ ಮಾತು ಅದು. ಎಲ್ಲಾರೂ ಬರೀತಿದ್ರು, ನಾನೂ ಬರದೆ. ಚ್ಯಾಷ್ಟಿಗೆ ಬರದದ್ದು.”

“ಚ್ಯಾಷ್ಟಿಗೆ ಬರದದ್ದಾ? ಆಕಿ ಅದನ್ನ ಇಷ್ಟು ವರ್ಷ ಉಂಡಾಳ್ರಿ.”

“ಉಣ್ಣಂತ ನಾ ಹೇಳಿದ್ನೇನು?”

ಅವಳು ಗಂಡನ ಮುಖ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮುಖ. ಇವನು ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈದು ಬಿಟ್ಟು ಹೋಗಬಹುದಿತ್ತು ಅನ್ನಿಸಿತು. ಇವನು ಮಗಳ ಹಾಸ್ಟೆಲಿಗೆ ವಾರವಾರವೂ ಉಂಡಿ ಕಳಿಸುವ, ಅತ್ತರೆ ತಾನೂ ಅಳುವ ಗಂಡಸು.

ಕೊನೆಗೆ ದಾರಿ ತೋರಿಸಿದವಳು ಬಸಲಿಂಗವ್ವನೇ. “ನಿನ್ನ ನೌಕರಿ ಪ್ರಶ್ನಿ ಅಂದ್ರ ನಾ ಯಾಕ ಅಡ್ಡ ಬರ್ಲೆವಾ?” ಅಂದಳು. “ಒಂದು ಸಣ್ಣ ಗಡಿಗಿ ತಗೋ. ಹಿತ್ತಲ ಕಿಟಕ್ಯಾಗ ಇಟಗೋ. ಚಮಚಾ ಅಷ್ಟ ಬ್ಯಾರೆ ಇರಲಿ, ಗುರುತಿಗೆ ಒಂದು ದಾರಾ ಕಟ್ಟು.”

ನೀಲಾಂಬಿಕಾಳಿಗೆ ಗೆದ್ದಷ್ಟು ಸಂತೋಷವಾಯಿತು. ಫರ್ಜಾನಾಳಿಗೆ ಫೋನು ಮಾಡಿ ಆಯಿತು ಅಂದಳು. ದಿನವೂ ಸಂಜೆ ತಾನೇ ಹಾಲು ಬೆಚ್ಚಗೆ ಮಾಡಿ, ಕಿಟಕಿಯ ಸಣ್ಣ ಗಡಿಗೆಗೆ ಹೆಪ್ಪು ಹಾಕಿದಳು. ಬೆಳಿಗ್ಗೆ ಮೊಸರು ಚೆನ್ನಾಗಿ ಗಟ್ಟಿಯಾಗಿರುತ್ತಿತ್ತು. ಒಂದು ಚಮಚ ಉಳಿಸಿಕೊಂಡು ಮಿಕ್ಕದ್ದನ್ನು ಹಿತ್ತಿಲ ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಬೆಳಗಿನ ಗಡಿಬಿಡಿಯಲ್ಲಿ ಉಣ್ಣಲು ಹೊತ್ತೆಲ್ಲಿದೆ, ಮಜ್ಜಿಗೆ ಹಾಕಿದರೆ ಗಿಡಕ್ಕೂ ಒಳ್ಳೆಯದು ಅಂದುಕೊಂಡಳು. ಒಂದು ದಿನವೂ ಅದರ ಬಗ್ಗೆ ಎರಡನೆಯ ಯೋಚನೆ ಬರಲಿಲ್ಲ.

ಕೋರ್ಟಿನ ತಾರೀಖು ಹತ್ತಿರವಾದಾಗ ದುರ್ಗವ್ವ ಬೆಳಿಗ್ಗೆಯೇ ಬಂದಳು. ಫರ್ಜಾನಾಳ ಮನೆಯದು ಹಿಂದಿನ ದಿನವೇ ಮುಗಿದಿತ್ತು. ಆ ಗಡಿಗೆ ಅವರ ಊಟದ ಮನೆಯಲ್ಲೇ ಇತ್ತಂತೆ, ಅವಳ ಅಮ್ಮಿ ಅದರಲ್ಲೇ ಕಢಿ ಮಾಡಿ ಬಡಿಸಿದ್ದಳಂತೆ. ಇಲ್ಲಿ ಬಸಲಿಂಗವ್ವ ನಗುನಗುತ್ತಲೇ ಬಂದು ಕಟ್ಟೆಯ ಮೇಲೆ ಕುರ್ಚಿ ಹಾಕಿಸಿದಳು, ಆರೋಗ್ಯ ವಿಚಾರಿಸಿದಳು. ಗಡಿಗೆ ನೋಡಬೇಕು ಎಂದಾಗ ನೀಲಾಂಬಿಕಾ “ಬರ್ರಿ” ಎಂದು ಎದ್ದು, ಮನೆಯ ಪಕ್ಕದ ಸಂದಿಯಿಂದ ಹಿತ್ತಿಲಿಗೆ ಕರೆದುಕೊಂಡು ಹೋದಳು. ಅರ್ಧ ಸಂದಿ ದಾಟಿದ ಮೇಲೆ ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಹೊಳೆಯಿತು. ಅಡುಗೆ ಮನೆಯ ಮೂಲಕ ಹೋಗಲು ನೇರ ದಾರಿಯಿತ್ತು. ತಿರುಗಿ ಹೋಗಲು ನಾಚಿಕೆಯಾಗಿ ಮುಂದೆ ನಡೆದಳು.

ದುರ್ಗವ್ವ ಕಿಟಕಿಯ ಸಣ್ಣ ಗಡಿಗೆ ನೋಡಿದಳು. ಕೆಂಪು ದಾರ ಕಟ್ಟಿದ ಚಮಚ ನೋಡಿದಳು. ಕರಿಬೇವಿನ ಬುಡದ ಒದ್ದೆ ಮಣ್ಣಿನಲ್ಲಿ ಬಿಳಿ ಕೆನೆ ಒಣಗಿತ್ತು.

“ಗಿಡಾ ಚಲೋ ಬಂದೈತಿ,” ಅಂದಳು.

ಆಮೇಲೆ ಫೋನು ತೆಗೆದು, ಕನ್ನಡಕ ಹಾಕಿಕೊಂಡು, ಪ್ರಶ್ನೆಯನ್ನು ಜೋರಾಗಿ ಓದಿದಳು. “ಈ ಗಡಿಗೆ ಈ ಮನೆಯವರು ಉಣ್ಣುವ ಗಡಿಗೆಯೇ? ಹೌದು, ಅಲ್ಲ.” ತಲೆಯೆತ್ತಿದಳು. “ಏನ್ ಒತ್ಲಿ ಬಾಯಾರ? ನೀವು ಹೇಳಿದ್ದನ್ನ ಒತ್ತತೀನಿ. ನಾ ಇಲ್ಲೀತನಕ ಸುಳ್ಳು ಒತ್ತಿಲ್ಲ. ಆದ್ರ ನಮಗ ಜಾಗಾ ಬೇಕಾಗೇತಿ. ನೀವು ಹೌದು ಅನ್ರಿ, ನಾ ಹೌದು ಅಂತೀನಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ವರ್ಷ ಇಡೀ ಊರು ಸುಳ್ಳು ಒತ್ತಿದಾಗಲೂ ಸುಳ್ಳು ಒತ್ತದ ಒಬ್ಬಳಿಂದ ಸುಳ್ಳು ಒತ್ತಿಸುವ ಮಟ್ಟಕ್ಕೆ ತಾನು ಬಂದಿದ್ದೇನೆ ಎಂದು ನೀಲಾಂಬಿಕಾಳಿಗೆ ತನ್ನ ಮೇಲೇ ವಾಕರಿಕೆ ಬಂತು. ಅವಳು ಸಣ್ಣ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹಿತ್ತಿಲ ಬಾಗಿಲಿನಿಂದ ಅಡುಗೆ ಮನೆಗೆ ನಡೆದಳು. “ಒಳಗ ಬರ್ರಿ ಸಿಸ್ಟರ್,” ಅಂದಳು.

ಗೋಡೆಯ ಮಾಡದಲ್ಲಿ ಬಸಲಿಂಗವ್ವನ ದೊಡ್ಡ ಗಡಿಗೆ ತುಂಬಿ ನಿಂತಿತ್ತು. ನೀಲಾಂಬಿಕಾ ಅದನ್ನು ಇಳಿಸಿ, ಬಚ್ಚಲಿಗೆ ಒಯ್ದು, ಬೋರಲು ಹಾಕಿದಳು. ಅತ್ತೆ ಹೇಳಿದ್ದು ನಿಜವೇ, ಮೊಸರು ಬೀಳಲಿಲ್ಲ. ಕೈ ಹಾಕಿ ಕೆರೆದು ತೆಗೆಯಬೇಕಾಯಿತು.

“ಏ ನೀಲಾ! ಹುಚ್ಚು ಹಿಡದೈತೇನು ನಿನಗ!” ಬಸಲಿಂಗವ್ವ ಓಡಿಬಂದು ಬಚ್ಚಲ ಬಾಗಿಲು ಹಿಡಿದುಕೊಂಡು ನಿಂತಳು. “ಒಂದಿನಾ ಕೆಡಸಿಲ್ಲಲೇ ನಾ ಅದನ್ನ! ಊರಿಗೆಲ್ಲಾ ಕೊಟ್ಟ ಹೆಪ್ಪು ಅದು!” ಗೋಡೆಗೆ ಒರಗಿ ಅಳತೊಡಗಿದಳು. ಮಹಾಂತೇಶ ಅರ್ಧ ಬೋಳಿಸಿದ ಗಡ್ಡದಲ್ಲೇ ಬಂದು ನೋಡಿದ. ದುರ್ಗವ್ವನನ್ನು ಕಂಡು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಒಳಗೆ ಹೋದ.

ನೀಲಾಂಬಿಕಾ ಸಣ್ಣ ಗಡಿಗೆಯನ್ನು ಆ ಮಾಡದಲ್ಲಿಟ್ಟಳು. ಚಮಚದ ದಾರ ಹರಿದು ಒಲೆಗೆ ಹಾಕಿದಳು. ಗಂಗಾಳ ತೆಗೆದುಕೊಂಡು ರೊಟ್ಟಿ ಹಾಕಿ, ಗಡಿಗೆಯಿಂದ ಮೊಸರು ಬಡಿಸಿಕೊಂಡು ನೆಲದ ಮೇಲೆ ಕುಳಿತಳು. ದುರ್ಗವ್ವನಿಗೆ ಎದುರು ಮಣೆ ಹಾಕಿದಳು. “ನೋಡ್ರಿ ಸಿಸ್ಟರ್, ಉಣ್ತೀನಿ. ಆಮ್ಯಾಲೆ ಒತ್ತ್ರಿ.”

ರೊಟ್ಟಿ ಮುರಿದು, ಮೊಸರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡಳು.

ಗಂಟಲು ಮುಚ್ಚಿಕೊಂಡಿತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ತುತ್ತನ್ನು ಹಿಂದಕ್ಕೆ ತಳ್ಳಿದಳು, ಅದು ಮುಂದಕ್ಕೆ ಬಂತು. ಮೊಸರಿನಲ್ಲಿ ಕೆಟ್ಟ ವಾಸನೆಯಿರಲಿಲ್ಲ, ರುಚಿಯಲ್ಲಿ ಒಂದು ಚೂರೂ ಹೆಚ್ಚುಕಡಿಮೆ ಇರಲಿಲ್ಲ. ಇದರೊಳಗಿನ ಪ್ರತಿ ಜೀವಿಯನ್ನೂ ಫರ್ಜಾನಾಳ ಯಂತ್ರದಲ್ಲಿ ಕಂಡವಳು ಅವಳು. ಆದರೂ ಹೊಟ್ಟೆಯ ತಳದಿಂದ ಏನೋ ಎದ್ದು ಬಾಯಿಯವರೆಗೆ ಬಂದು ನಿಂತಿತು. ಈ ತಿಂಗಳಿಡೀ ಗಿಡದ ಬುಡಕ್ಕೆ ಯಾಕೆ ಹಾಕಿದೆ ಅನ್ನುವುದು ಅವಳಿಗೆ ಈಗ ತಿಳಿಯಿತು. ಅತ್ತೆಯನ್ನು, ಗಂಡನನ್ನು, ಆ ಪ್ರಾಧ್ಯಾಪಕರನ್ನು ಕಂಡು ಮನಸ್ಸಿನಲ್ಲೇ ಎಷ್ಟು ಹೇಸಿದ್ದಳು! ಅವರೆಲ್ಲರ ಹೊಟ್ಟೆಯೇ ತನಗೂ ಇದೆ. ಕಣ್ಣಲ್ಲಿ ನೀರು ತುಂಬಿ ಗಂಗಾಳ ಮಸುಕಾಯಿತು. ಅವಳು ನೀರಿನ ತಂಬಿಗೆಗೆ ಕೈ ಚಾಚಿದಳು.

“ನೀರು ಕುಡೀಬ್ಯಾಡ್ರಿ, ಕುಡದ್ರ ಹೊರಗ ಬರತೈತಿ,” ಅಂದಳು ದುರ್ಗವ್ವ. ಅಂಥ ಮುಖಗಳನ್ನು ದವಾಖಾನೆಯಲ್ಲಿ ಎಷ್ಟೋ ನೋಡಿದವಳ ದನಿ. ಅವಳಿಗೆ ಎಲ್ಲ ಗೊತ್ತಾಗಿತ್ತು, ಗೊತ್ತಾಗಿದೆ ಅನ್ನುವುದನ್ನು ಮುಚ್ಚಿಡಲೂ ಇಲ್ಲ. “ಮೂಗಿನಿಂದ ಉಸುರು ತಗೋರಿ. ಸಾವಕಾಶ ನುಂಗ್ರಿ.”

ನೀಲಾಂಬಿಕಾ ನುಂಗಿದಳು. ತುತ್ತು ಕಲ್ಲಾಗಿ ಇಳಿಯಿತು. ಸೆರಗಿನಿಂದ ಕಣ್ಣು ಬಾಯಿ ಒರೆಸಿಕೊಂಡಳು.

“ಈಗ ಒತ್ತ್ರಿ ಸಿಸ್ಟರ್.”

ದುರ್ಗವ್ವ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡಳು. ಮಣೆಯ ಮೇಲೆ ಕಾಲು ಮಡಿಸಿ ಸರಿಯಾಗಿ ಕುಳಿತಳು.

“ಗಂಗಾಳ ಖಾಲಿ ಆಗಲಿ,” ಅಂದಳು. “ಉಣ್ರಿ. ನಾ ಕುಂತಿರ್ತೀನಿ.”